ಹಡಗಿನವರ ನೆನಪಿನ ದಿನ ಅವರ ಜೀಪನ್ನೇ ರಸ್ತೆಗಿಳಿಸಿ: ಬಳ್ಳಾರಿಯಲ್ಲಿ ತಯಾರಿ ಹೇಗೆ

ಹಡಗಿನ ನೌಕರಿ ಮುಗಿಸಿ ಬಳ್ಳಾರಿಗೆ ಬಂದು ನೆಲೆಸಿದ ಹಿರಿಯರು. ಯಾರ ಮನೆಯ ಕೆಲಸಕ್ಕೂ ಕರೆಯದೆ ಬಂದು ನಿಲ್ಲುವವರು, ಭಾನುವಾರವೆಲ್ಲ ಹಳೇ ಜೀಪಿನ ಬಾನೆಟ್ ಎತ್ತಿಕೊಂಡೇ ಬಂದವರನ್ನು ಮಾತಾಡಿಸುವವರು. ಅಂಥವರ ನೆನಪಿಗೆ ಶಾಮಿಯಾನ, ಫೋಟೊಗೊಂದು ಹಾರ, ಎರಡು ತಾಸು ಭಾಷಣ ಇಟ್ಟು ಮುಗಿಸಿದರೆ ಅವರಿಗೆ ನ್ಯಾಯ ಸಲ್ಲುವುದಿಲ್ಲ. ಅವರ ಗಾಡಿ ಆ ದಿನ ಓಡಬೇಕು, ಅವರು ಮಾಡುತ್ತಿದ್ದ ಸೇವೆ ಆ ದಿನ ನಡೆಯಬೇಕು, ಮರುದಿನದಿಂದ ಆ ಸೇವೆಗೆ ಬೇರೆಯವರು ಹೆಗಲು ಕೊಡಬೇಕು. ಇದಕ್ಕೆ ಎರಡು ತಿಂಗಳು ಮೊದಲೇ ಕೈ ಹಾಕಿ.

ಮೊದಲು ದಿನ ಗೊತ್ತುಮಾಡಿ. ಏಪ್ರಿಲ್ 5 ರಾಷ್ಟ್ರೀಯ ಕಡಲಯಾನ ದಿನ. 1919ರಲ್ಲಿ ಸಿಂಧಿಯಾ ಕಂಪನಿಯ ಎಸ್‌ಎಸ್ ಲಾಯಲ್ಟಿ ಹಡಗು ಮುಂಬೈಯಿಂದ ಲಂಡನ್‌ಗೆ ಹೊರಟ ದಿನ ಅದು. ಅರ್ಥಪೂರ್ಣ ದಿನವೇ ಸರಿ, ಆದರೆ ಏಪ್ರಿಲ್‌ನ ಬಳ್ಳಾರಿ ಬಿಸಿಲಿಗೆ ಹಳೇ ಎಂಜಿನ್ನೂ ತಡೆಯುವುದಿಲ್ಲ, ರಕ್ತ ಕೊಡಲು ಬಂದವರೂ ತಡೆಯುವುದಿಲ್ಲ. ಜೂನ್ 25 ಅಂತರರಾಷ್ಟ್ರೀಯ ನಾವಿಕರ ದಿನ. ಅಷ್ಟರಲ್ಲಿ ಒಂದೆರಡು ಮಳೆ ಬಿದ್ದು ನೆಲ ತಣ್ಣಗಾಗಿರುತ್ತದೆ. ನಮ್ಮ ಆಯ್ಕೆ ಇದೇ.

ಜೀಪಿಗೆ ಸ್ಪ್ಯಾನರ್ ಹಚ್ಚುವ ಮೊದಲು ಕಾಗದ ನೋಡಿ. ಮಾಲೀಕರು ತೀರಿಕೊಂಡ 30 ದಿನದೊಳಗೆ ವಾರಸುದಾರರು ಆರ್‌ಟಿಒಗೆ ವಿಷಯ ತಿಳಿಸಿದರೆ, ಗಾಡಿಯನ್ನು ಮೂರು ತಿಂಗಳವರೆಗೆ ಓಡಿಸಬಹುದು. ಆ ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ಆರ್‌ಸಿ, ವಿಮೆ ಜೊತೆಗಿರಲಿ. ವಾರಸುದಾರರು ಒಬ್ಬರಿಗಿಂತ ಹೆಚ್ಚಿದ್ದರೆ ಉಳಿದವರ ಒಪ್ಪಿಗೆ ಪತ್ರವನ್ನು ಈಗಲೇ ಬರೆಸಿಡಿ, ಫೈಲು ನಿಲ್ಲುವುದು ಹೆಚ್ಚಾಗಿ ಅಲ್ಲೇ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಯಾದರೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿಯೂ ಸಾಧ್ಯ: ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆಮೇಲೆ ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಇಷ್ಟಕ್ಕೇ. ಮನೆಯವರು ಗಾಡಿಯನ್ನು ಓಡಿಸುತ್ತಿರಬೇಕು ಅಂದುಕೊಂಡಿದ್ದರೆ ಇದರ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಇನ್ನು ಗಾಡಿ. ಇಲ್ಲಿ ಹೇಳುತ್ತಿರುವುದು ಮಹೀಂದ್ರದ ಹಳೇ ಪೆಟ್ರೋಲ್ ಜೀಪು, ಸಿಜೆ 3ಬಿ, ಹರಿಕೇನ್ ಎಂಜಿನ್ನಿನ ಬಗ್ಗೆ. ವರ್ಷಗಟ್ಟಲೆ ನಿಂತ ಗಾಡಿಗೆ ಹೊಸ ಬ್ಯಾಟರಿ ಕೂರಿಸಿ ನೇರ ಸೆಲ್ಫ್ ಹೊಡೆಯಬೇಡಿ. ಪಿಸ್ಟನ್ ರಿಂಗುಗಳು ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಂಡಿರಬಹುದು. ಬಲವಂತ ಮಾಡಿದರೆ ರಿಂಗು ಮುರಿಯುತ್ತದೆ, ಗೋಡೆ ಗೀಚುತ್ತದೆ. ನಾಲ್ಕು ಪ್ಲಗ್ ಬಿಚ್ಚಿ. ಬಿಚ್ಚುವ ಮೊದಲು ವೈರುಗಳಿಗೆ 1, 2, 3, 4 ಎಂದು ಟೇಪ್ ಅಂಟಿಸಿ (ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹೊತ್ತುವ ಸರದಿ, 1-3-4-2). ಪ್ರತಿ ಸಿಲಿಂಡರಿಗೆ ಒಂದು ದೊಡ್ಡ ಚಮಚ ಎಂಜಿನ್ ಆಯಿಲ್ ಹಾಕಿ ಒಂದು ದಿನ ಬಿಡಿ. ಮರುದಿನ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಮುಂದಿನಿಂದ ಹ್ಯಾಂಡಲ್ ಹಾಕಿ ನಿಧಾನ ತಿರುಗಿಸಿ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಸುತ್ತ ಬಳಸಬೇಡಿ. ಕೆಳಗೆ ಒತ್ತಬೇಡಿ, ಮೇಲಕ್ಕೆ ಎಳೆಯಿರಿ. ಮುಂದೆ ಎಂಜಿನ್ ಸ್ಟಾರ್ಟ್ ಮಾಡಲು ಹ್ಯಾಂಡಲ್ ಹೊಡೆಯುವಾಗ ಅದು ಹಿಂದಕ್ಕೆ ಒದ್ದರೆ ಹೆಬ್ಬೆರಳು, ಮಣಿಕಟ್ಟು ಮುರಿಯುವುದು ಸುತ್ತ ಬಳಸಿ ಹಿಡಿದವರದ್ದೇ. ಸರಾಗ ತಿರುಗಿದ ಮೇಲೆ ಹಳೇ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, 20ಡಬ್ಲ್ಯೂ-50 ದರ್ಜೆಯ ಹೊಸ ಎಂಜಿನ್ ಆಯಿಲ್ ಹಾಕಿ. ಫಿಲ್ಟರ್ ಸೇರಿ ಐದು ಲೀಟರಿನೊಳಗೇ ಆಗುತ್ತದೆ, ಡಿಪ್‌ಸ್ಟಿಕ್ ನೋಡುತ್ತಲೇ ಹಾಕಿ. ಪ್ಲಗ್ ಇಲ್ಲದೆಯೇ ಸೆಲ್ಫಿನಿಂದ ತಿರುಗಿಸಿ ಆಯಿಲ್ ಪ್ರೆಶರ್ ಮುಳ್ಳು ಏಳುವುದನ್ನು ಕಣ್ಣಾರೆ ನೋಡಿ, ಆಮೇಲೆ ಪ್ಲಗ್ ಹಾಕಿ. ಬ್ಯಾಟರಿ ತರುವ ಮೊದಲು ಗಾಡಿ 6 ವೋಲ್ಟಿನದೋ 12 ವೋಲ್ಟಿನದೋ ಖಾತ್ರಿಮಾಡಿಕೊಳ್ಳಿ.

ಪ್ಲಗ್ಗಿಗೆ ಕರೆಂಟ್ ಬರದಿದ್ದರೆ ಹೆಚ್ಚಿನ ಸಲ ದೋಷ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಪಾಯಿಂಟ್‌ನದು. ನಿಂತ ಗಾಡಿಯಲ್ಲಿ ಪಾಯಿಂಟಿನ ಮೇಲೆ ಕಿಲುಬಿನ ಪೊರೆ ಕಟ್ಟುತ್ತದೆ. ಪಾಯಿಂಟ್ ಅರದಿಂದ ಎರಡು ಸಲ ಉಜ್ಜಿ, ಬಿಳಿ ಕಾಗದ ನಡುವೆ ಇಟ್ಟು ಎಳೆದು ಒರೆಸಿ. ಮರಳು ಕಾಗದ ಬೇಡ, ಅದರ ಹರಳು ಅಲ್ಲೇ ಕೂತು ಪಾಯಿಂಟ್ ಸುಡುತ್ತದೆ. ಪಾಯಿಂಟಿನ ಅಂತರ 0.020 ಇಂಚು, ಅಂದರೆ ಸುಮಾರು 0.5 ಮಿಮೀ, ಪ್ಲಗ್ಗಿಗೆ 0.030 ಇಂಚು. ಫೀಲರ್ ಗೇಜ್ (ಸಂದಿಯ ಅಂತರ ಅಳೆಯುವ ತೆಳು ಪಟ್ಟಿ) ಇಲ್ಲದೆ ಕಣ್ಣಳತೆಯಲ್ಲಿ ಮಾಡಿದರೆ ಗಾಡಿ ನಿಂತಿರುವಾಗ ಎಂಜಿನ್ ಚೆನ್ನಾಗಿಯೇ ಓಡುತ್ತದೆ, ವೇಗ ಏರಿಸಿದಾಗ ಮಿಸ್ ಹೊಡೆಯುತ್ತದೆ.

ಟ್ಯಾಂಕಿನ ಹಳೇ ಪೆಟ್ರೋಲ್ ಗೋಂದಾಗಿರುತ್ತದೆ. ಮೊದಲ ಸ್ಟಾರ್ಟಿಗೆ ಆ ಟ್ಯಾಂಕ್ ಮುಟ್ಟಲೇಬೇಡಿ. ಬೇರೆ ಡಬ್ಬಿಯಲ್ಲಿ ಒಂದು ಲೀಟರ್ ಹೊಸ ಪೆಟ್ರೋಲ್ ಇಟ್ಟು ಪೈಪ್ ಕೊಡಿ, ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರಲಿ. ಕಾರ್ಬೊರೇಟರ್ ಜೆಟ್‌ಗಳನ್ನು (ಪೆಟ್ರೋಲ್ ಹಾಯುವ ಸಣ್ಣ ತೂತುಗಳು) ಗಾಳಿಯಿಂದ ಊದಿ, ತಂತಿ ತೂರಿಸಬೇಡಿ, ತೂತು ಹಿಗ್ಗುತ್ತದೆ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಇದೆ. ಹಳೇ ರಬ್ಬರ್ ಪೈಪ್, ಪಂಪಿನ ಡಯಾಫ್ರಾಮ್ ಅದಕ್ಕೆ ಉಬ್ಬಿ ಬಿರಿಯುತ್ತವೆ. ಎಲ್ಲವನ್ನೂ ಎಥೆನಾಲ್ ತಡೆಯುವ ಹೊಸದಕ್ಕೆ ಬದಲಿಸಿ. ಪೆಟ್ರೋಲ್ ಪೈಪು ಸೈಲೆನ್ಸರ್ ಮ್ಯಾನಿಫೋಲ್ಡ್‌ಗೆ ತಾಗುವಷ್ಟು ಹತ್ತಿರವಿದ್ದರೆ ದೂರ ಸರಿಸಿ: ನಮ್ಮ ಬಿಸಿಲಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಟ್ಟನಡುವೆ ನಿಲ್ಲುತ್ತದೆ. ಹಾಗೆ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಿರಿ. ರೇಡಿಯೇಟರಿಗೆ ಬೋರ್ ನೀರು ಬೇಡ, ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಹಾಕಿ.

ಬ್ರೇಕಿನಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಈ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಬ್ರೇಕ್ ಆಯಿಲ್ ಸಾಲು. ಒಂದು ವೀಲ್ ಸಿಲಿಂಡರಿನ ರಬ್ಬರ್ ಕಪ್ ಬಿರಿದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಮಾಸ್ಟರ್ ಮತ್ತು ನಾಲ್ಕು ವೀಲ್ ಸಿಲಿಂಡರಿನ ಕಪ್ಪುಗಳನ್ನು ಬದಲಿಸಿ, ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹಾಕಿ, ಆಯಿಲ್ ಸಾಲಿನೊಳಗೆ ಸೇರಿದ ಗಾಳಿಯನ್ನು ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಚಕ್ರ ಈ ಸಾಲಿನಲ್ಲಿ ತೆಗೆಯಿರಿ. ಪೆಡಲ್ ಗಟ್ಟಿ ಒತ್ತಿ ಒಂದು ನಿಮಿಷ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ. ಹ್ಯಾಂಡ್‌ಬ್ರೇಕ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದಿನ ಡ್ರಮ್ಮಿನಲ್ಲಿದೆ. ಅಲ್ಲಿನ ಸೀಲ್ ಸೋರಿ ಲೈನಿಂಗ್ ತೊಯ್ದರೆ ಲಿವರ್ ಎಷ್ಟು ಎಳೆದರೂ ಹಿಡಿಯದು. ಚಕ್ರ ಬಿಚ್ಚುವಾಗ ಎಡಭಾಗದ ಬೋಲ್ಟ್ ತುದಿಯಲ್ಲಿ ಇಂಗ್ಲಿಷಿನ ಎಲ್ ಅಕ್ಷರವಿದೆಯೇ ನೋಡಿ. ಇದ್ದರೆ ಅದು ಉಲ್ಟಾ ಥ್ರೆಡ್. ಗೊತ್ತಿಲ್ಲದೆ ಸ್ಪ್ಯಾನರಿಗೆ ಪೈಪ್ ಹಾಕಿ ಅದರ ಮೇಲೇರಿ ನಿಂತರೆ ಬೋಲ್ಟೇ ಮುರಿದು ಬರುತ್ತದೆ.

ಎರಡು ವಾರ ಮೊದಲು ಮೋಕಾ ರಸ್ತೆಯಲ್ಲಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನೋಡಿ. ಸಮತಟ್ಟು ದಾರಿ, ಗಂಟೆಗೆ 40 ದಾಟಬೇಡಿ. ನೆನಪಿನ ದಿನ ಬೆಳಗ್ಗೆ ಏಳಕ್ಕೇ ಹೊರಡಿ: ಗಡಿಗಿ ಚೆನ್ನಪ್ಪ ವೃತ್ತದ ಸುತ್ತ ಟ್ರಾಫಿಕ್ ತುಂಬಿದ ಮೇಲೆ ನಿಂತು ನಿಂತು ಸಾಗಿದರೆ ನೀರು ಕುದಿಯುವುದು ಖಂಡಿತ. ಬಾನೆಟ್ ಮೇಲೆ ರಾಷ್ಟ್ರಧ್ವಜ ಹೊದಿಸಬೇಡಿ. ವಾಹನದ ಮೇಲೆ, ಬದಿಗೆ, ಹಿಂದೆ ಹೊದಿಸುವುದು ಧ್ವಜಸಂಹಿತೆಗೆ ವಿರುದ್ಧ. ರೇಡಿಯೇಟರ್ ಜಾಲರಿಗೆ ಹೂವಿನ ಹಾರವನ್ನೂ ಕಟ್ಟಬೇಡಿ, ಒಳಗೆ ಗಾಳಿ ಹೋಗದಂತೆ ತಡೆಯುತ್ತದೆ. ಜೀಪಿನ ಮುಂದಿನ ಗಾಜಿನ ಚೌಕಟ್ಟಿಗೆ ಕಟ್ಟಿ.

ಬ್ಯಾನರಿನಲ್ಲಿ ಆಗುವ ದೊಡ್ಡ ತಪ್ಪು, ಹಡಗಿನವರೆಲ್ಲ ನೇವಿಯವರು ಎಂದು ಬರೆಸಿ ನೌಕಾಪಡೆಯ ಲಾಂಛನ ಹಾಕುವುದು. ಮರ್ಚೆಂಟ್ ನೇವಿ ಬೇರೆ, ಸರಕುಹಡಗಿನವರು ಸೈನಿಕರಲ್ಲ. ಭಾರತದ ವಾಣಿಜ್ಯ ಹಡಗಿನ ಬಾವುಟ ಕೆಂಪು, ಮೂಲೆಯಲ್ಲಿ ತ್ರಿವರ್ಣ. ಹುದ್ದೆಯನ್ನೂ ಊಹೆಯಿಂದ ಬರೆಯಬೇಡಿ. ಎಂಜಿನ್ ಕಡೆಯವರನ್ನು ಕ್ಯಾಪ್ಟನ್ ಎಂದರೆ ಬದುಕಿದ್ದರೆ ಅವರೇ ತಿದ್ದುತ್ತಿದ್ದರು. ಎಲ್ಲ ಅವರ ಸಿಡಿಸಿಯಲ್ಲಿ, ಅಂದರೆ ನಾವಿಕರ ಸೇವಾ ದಾಖಲೆಯ ಪುಸ್ತಕದಲ್ಲಿದೆ: ಹಡಗಿನ ಹೆಸರು, ಹುದ್ದೆ, ಹಡಗಿನ ಕೆಲಸಕ್ಕೆ ಸೇರಿದ (ಸೈನ್ ಆನ್) ಮತ್ತು ಬಿಟ್ಟಿಳಿದ (ಸೈನ್ ಆಫ್) ತಾರೀಕು, ಬಂದರು. ಪ್ರತಿ ಪುಟ ಸ್ಕ್ಯಾನ್ ಮಾಡಿ ಪ್ರತಿಯನ್ನಷ್ಟೇ ಪ್ರದರ್ಶಿಸಿ. ಮೂಲವನ್ನು ಲ್ಯಾಮಿನೇಟ್ ಮಾಡಿಸಬೇಡಿ, ನಾವಿಕರ ಭವಿಷ್ಯನಿಧಿಯಂಥ ಬಾಕಿ ಕೆಲಸಕ್ಕೆ ಮನೆಯವರಿಗೆ ಅದು ಬೇಕಾಗಬಹುದು. ನಾಲ್ಕಡಿ ಅಗಲದ ಜಗತ್ತಿನ ನಕ್ಷೆಯ ಮೇಲೆ ಪಿನ್ನು, ದಾರದಿಂದ ಯಾನಗಳನ್ನು ಗುರುತಿಸಿ. 1967ರ ಜೂನ್‌ನಿಂದ 1975ರ ಜೂನ್‌ವರೆಗೆ ಸೂಯೆಜ್ ಕಾಲುವೆ ಮುಚ್ಚಿತ್ತು. ಆ ವರ್ಷಗಳಲ್ಲಿ ಮುಂಬೈಯಿಂದ ಯುರೋಪಿಗೆ ಹೋಗಿದ್ದರೆ ದಾರ ಆಫ್ರಿಕಾ ಸುತ್ತಿಕೊಂಡೇ ಹೋಗಬೇಕು. ಶಾಲೆ ಮಕ್ಕಳನ್ನು ಇಲ್ಲಿ ನಿಲ್ಲಿಸಿ, ಪ್ರಶ್ನೆಗಳು ತಾವಾಗಿ ಬರುತ್ತವೆ. ಕಾರ್ಯಕ್ರಮದ ಶುರುವಿಗೆ ಹಿತ್ತಾಳೆ ಗಂಟೆಯನ್ನು ಎರಡೆರಡಾಗಿ ಒಟ್ಟು ಎಂಟು ಪೆಟ್ಟು ಬಾರಿಸಿ; ಹಡಗಿನಲ್ಲಿ ನಾಲ್ಕು ತಾಸಿನ ಪಾಳಿ ಮುಗಿಯಿತೆಂಬ ಗುರುತು ಅದು. ಭಾಷಣ ತಲಾ ಮೂರು ನಿಮಿಷ ಸಾಕು. ಕುರ್ಚಿಗಳನ್ನು ಸಾಲಾಗಿ ಹಾಕದೆ ಜೀಪಿನ ಸುತ್ತ ಚಹಾ ಇಡಿ, ಜನ ನಿಂತೇ ಮಾತಾಡಲಿ.

ರಕ್ತದಾನ ಶಿಬಿರ ಇಡುವುದಾದರೆ ಪರವಾನಗಿ ಇರುವ ರಕ್ತಕೇಂದ್ರಕ್ಕೆ ತಿಂಗಳ ಮೊದಲೇ ಪತ್ರ ಕೊಡಿ. ದಾನಿಗೆ 18ರಿಂದ 65 ವರ್ಷ, ಕನಿಷ್ಠ 45 ಕೆಜಿ ತೂಕ, ಹಿಮೊಗ್ಲೋಬಿನ್ ಡೆಸಿಲೀಟರಿಗೆ ಕನಿಷ್ಠ 12.5 ಗ್ರಾಂ ಇರಬೇಕು, ಹಿಂದಿನ ಸಲ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ಖಾಲಿ ಹೊಟ್ಟೆಯಲ್ಲಿ ಬಂದವರು ತಲೆ ಸುತ್ತಿ ಬೀಳುತ್ತಾರೆ, ಆದ್ದರಿಂದ ಮೊದಲು ಇಡ್ಲಿ ಕೊಡಿ. ಮಂಡಕ್ಕಿ ಒಗ್ಗರಣಿ, ಮಿರ್ಚಿ ರಕ್ತ ಕೊಟ್ಟಾದ ಮೇಲೆ. ಮೊದಲೇ ಎಣ್ಣೆಯದು ತಿಂದರೆ ಪ್ಲಾಸ್ಮಾ ಹಾಲಿನಂತೆ ಮಬ್ಬಾಗಿ ಬಳಕೆಗೆ ಬಾರದೆ ಹೋಗಬಹುದು.

ಅವರು ವಾರವಿಡೀ ಮಾಡುತ್ತಿದ್ದ ಸೇವೆಗಳ ಪಟ್ಟಿಯನ್ನು ಮನೆಯವರು, ಗೆಳೆಯರನ್ನು ಕೇಳಿ ಮೊದಲೇ ಬರೆಯಿರಿ: ಯಾವ ವಾರ, ಎಲ್ಲಿ, ಏನು, ಯಾರಿಗೆ ಫೋನ್ ಮಾಡಬೇಕು. ಒಂದೊಂದು ಕೆಲಸದ ಮುಂದೆ ಒಂದೇ ಹೆಸರು ಬರೆಸಿ. ‘ನಾವೆಲ್ಲ ಸೇರಿ ಮಾಡುತ್ತೇವೆ’ ಎಂದು ಬರೆದ ಕೆಲಸ ಎರಡನೇ ತಿಂಗಳಿಗೇ ನಿಲ್ಲುತ್ತದೆ. ಮೂರು ತಿಂಗಳ ನಂತರ ಅದೇ ಪಟ್ಟಿ ಹಿಡಿದು ಮತ್ತೆ ಸೇರುವ ತಾರೀಕನ್ನು ಆ ದಿನವೇ ಹೇಳಿ.

ಜೀಪಿಗೂ ಹಾಗೆಯೇ ಒಬ್ಬರು ಹೊಣೆ ಹೊರಲಿ. ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷವಾದರೂ ರಸ್ತೆಯಲ್ಲಿ ಓಡಿಸಬೇಕು. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಆಯಿಲಿನಲ್ಲಿ ನೀರಿನಂಶ ಸೇರಿ ಕೆಡುಕೇ ಹೆಚ್ಚು. ಓಡಿಸಿ ಬಂದ ಮೇಲೆ ಬ್ಯಾಟರಿಯ ಅರ್ಥ್ ವೈರ್ ಬಿಚ್ಚಿಡಿ, ಟೈರಿಗೆ ಗಾಳಿ ನೋಡಿ.