ಮುತ್ತೋಡಿ ಸಫಾರಿಗೆ ಹೊರಡುವ ಮುಂಚೆ

ಚಿಕ್ಕಮಗಳೂರಿನಲ್ಲಿ ಮನೆ ಇದ್ದರೆ ನೆಂಟರಿಗೇನೂ ಬರ ಇಲ್ಲ. ಮುಳ್ಳಯ್ಯನಗಿರಿ ಹತ್ತಿ ಇಳಿದ ಮೇಲೆ ಎಲ್ಲರೂ ಕೇಳುವುದು ಒಂದೇ: "ಮುತ್ತೋಡಿಗೆ ಹೋದರೆ ಹುಲಿ ಕಾಣುತ್ತಾ?" ಏಳೆಂಟು ಸಲ ಕರೆದುಕೊಂಡು ಹೋಗಿದ್ದೇನೆ. ಹುಲಿಯ ಬಾಲ ಕೂಡ ಕಂಡಿಲ್ಲ. ಹಾಗಾಗಿ ಹುಲಿ ಸಿಗದಿದ್ದರೂ ಬೇಜಾರಾಗದೆ ವಾಪಸ್ ಬರುವುದು ಹೇಗೆ ಅನ್ನುವುದನ್ನಷ್ಟೇ ಹೇಳಬಲ್ಲೆ.

ಇದು ಭದ್ರಾ ಅಭಯಾರಣ್ಯ. 1998ರಿಂದ ಹುಲಿ ಮೀಸಲು ಪ್ರದೇಶ. ಬೇಲಿ ಇಲ್ಲದ ಕಾಡು, ಪ್ರಾಣಿಗೆ ಮನಸ್ಸಾದರೆ ದರ್ಶನ. ಪುಟ್ಟ ಮಕ್ಕಳಿಗೆ ಹುಲಿ, ಸಿಂಹ ತೋರಿಸಲೇಬೇಕು ಅಂದರೆ ಶಿವಮೊಗ್ಗದ ಹತ್ತಿರದ ತ್ಯಾವರೆಕೊಪ್ಪಕ್ಕೆ ಹೋಗಿ. ಅಲ್ಲಿ ಬೇಲಿಯೊಳಗೆ ಬಸ್ಸಿನಲ್ಲೇ ಸುತ್ತಿಸುತ್ತಾರೆ. ಮಂಗಳವಾರ ಮಾತ್ರ ರಜೆ.

ಮುತ್ತೋಡಿಗೆ ಮಲ್ಲಂದೂರಿನ ದಾರಿ. ಮೂವತ್ತೈದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಕಾಫಿ ತೋಟದ ನಡುವೆ ತಿರುವೋ ತಿರುವು. ನಮ್ಮ ಅತ್ತೆ ನಿಂಬೆಹಣ್ಣು ಮೂಸುತ್ತಲೇ ಬಂದರು. ಖಾಲಿ ಹೊಟ್ಟೆಯಲ್ಲಿ ಹೊರಡಬೇಡಿ, ಒಂದು ಬಾಳೆಹಣ್ಣಾದರೂ ತಿನ್ನಿ. ಸ್ವಂತ ಕಾರನ್ನು ಸಫಾರಿಗೆ ಬಿಡುವುದಿಲ್ಲ, ಇಲಾಖೆಯ ಜೀಪೇ ಗತಿ. ಬೆಳಿಗ್ಗೆಯ ಸರದಿಗೆ ಐದು ಗಂಟೆಯೊಳಗೆ ಮನೆ ಬಿಟ್ಟಿರಬೇಕು. ಶನಿವಾರ, ಭಾನುವಾರವಾದರೆ ಮೊದಲೇ ಸೀಟು ವಿಚಾರಿಸಿಕೊಳ್ಳಿ. ಫೋನ್ ಸಿಗ್ನಲ್ ನಂಬಬೇಡಿ, ಕೈಯಲ್ಲಿ ನಗದು ಇರಲಿ. ಸ್ವೆಟರ್ ಬೇಕೇ ಬೇಕು, ಕಣ್ಣಿಗೆ ಹೊಡೆಯುವ ಬಣ್ಣದ್ದು ಬೇಡ. ಬೆನ್ನು ನೋವಿರುವವರನ್ನು ಹಿಂದಿನ ಸೀಟಿನಲ್ಲಿ ಕೂರಿಸಬೇಡಿ.

ಮುಖ್ಯ ವಿಷಯ, ಬಾಯಿ. ಹೋದ ಫೆಬ್ರವರಿಯಲ್ಲಿ ಹಾಸನದ ನಮ್ಮ ಭಾವ ಜೊತೆಗಿದ್ದರು. ಒಂದು ತಿರುವಿನಲ್ಲಿ ಡ್ರೈವರ್ ಇಂಜಿನ್ ಆಫ್ ಮಾಡಿದರು. ಹತ್ತು ಮಾರು ದೂರದಲ್ಲಿ ಕಾಟಿ, ಅಂದರೆ ಕಾಡುಕೋಣ! ಮೈಯೆಲ್ಲ ಕಪ್ಪು, ನಾಲ್ಕೂ ಕಾಲಿಗೆ ಬಿಳಿ ಸಾಕ್ಸ್ ಹಾಕಿದ ಹಾಗೆ. ಬಿದಿರಿನ ಎಲೆ ಕಿತ್ತು ಅಗಿಯುವ ಸದ್ದು ನಮಗೆ ಕೇಳುತ್ತಿತ್ತು. ಮೂಗಿನಿಂದ ಹಬೆ ಏಳುತ್ತಿತ್ತು. ಆಗಲೇ ಭಾವ ಚಕ್ಕುಲಿ ಪ್ಯಾಕೆಟ್ ಬಿಚ್ಚಿದರು. ಚರ್ರ್ ಅಂದಿತು. ಕಾಟಿ ತಲೆ ಎತ್ತಿ ಬುಸ್ ಅಂತ ಉಸಿರು ಬಿಟ್ಟು ಪೊದೆಯೊಳಗೆ ನುಗ್ಗಿತು. ಅಷ್ಟು ದೊಡ್ಡ ಮೈ ಎರಡೇ ಕ್ಷಣದಲ್ಲಿ ಮಾಯ. ಡ್ರೈವರ್ ಏನೂ ಅನ್ನಲಿಲ್ಲ, ಸುಮ್ನೆ ಹಿಂದೆ ತಿರುಗಿ ನೋಡಿದರು. ಭಾವ ಪ್ಯಾಕೆಟ್ಟನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು.

ಹಾಗಾಗಿ ತಿಂಡಿ ಕಾರಿನಲ್ಲೇ ಬಿಡಿ. ಜೀಪ್ ನಿಂತಾಗ ಕಣ್ಣಿಗಿಂತ ಕಿವಿಗೆ ಕೆಲಸ ಕೊಡಿ. ಮುಸುವ, ಅಂದರೆ ಕಪ್ಪು ಮೋರೆಯ ಕೋತಿ, ಮರದ ಮೇಲಿಂದ ಒಂದೇ ಸಮ ಖಕ್, ಖಕ್ ಅಂದರೆ ಚಿರತೆಯೋ ಹುಲಿಯೋ ಹತ್ತಿರ ಇರಬಹುದು. ಅದು ನೋಡುತ್ತಿರುವ ದಿಕ್ಕಿಗೇ ನೀವೂ ನೋಡಿ. ತಲೆ ಎತ್ತುವುದನ್ನೂ ಮರೆಯಬೇಡಿ, ಕೆಂದಳಿಲು ಸಿಗುವುದು ಮೇಲೆಯೇ.

ಮಳೆಗಾಲದಲ್ಲಿ ಜಿಗಣೆ ಕಾಟ, ನಾನಂತೂ ಹೋಗಲ್ಲ. ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯದು. ಎಲೆ ಉದುರಿರುತ್ತೆ, ಪ್ರಾಣಿಗಳು ನೀರು ಹುಡುಕಿ ಬರುತ್ತವೆ. ದೋಣಿಯಲ್ಲೂ ಸುತ್ತುವ ಆಸೆ ಇದ್ದರೆ ಇದೇ ಕಾಡಿನ ಇನ್ನೊಂದು ತುದಿ, ತರೀಕೆರೆ ಕಡೆಯ ಲಕ್ಕವಳ್ಳಿ. ಬೇಸಿಗೆಯಲ್ಲಿ ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಡುತ್ತವೆ. ಭಾವನನ್ನು ಮುಂದಿನ ಸಲ ಅಲ್ಲಿಗೇ ಕರೆದುಕೊಂಡು ಹೋಗಬೇಕು, ಜೇಬು ನೋಡಿದ ಮೇಲೆ.