ಕೆಲಸದ ಸೈಟಿಗೆ ಹೊರಟವರು ಮನೆ ನೆನಪಿಗೆ ಮಾಡಿಕೊಳ್ಳಬೇಕಾದ ತಯಾರಿ

ನಾನು ಕೋಲ್ಡ್ ಸ್ಟೋರೇಜ್‌ಗಳಲ್ಲಿ ತಂಪು ಮಾಡುವ ಮಿಷನ್, ಅಂದರೆ ಅಮೋನಿಯಾ ಕಂಪ್ರೆಸರ್, ಬಿಚ್ಚಿ ಕಟ್ಟುವ ಕೆಲಸದವನು. ಮನೆ ಆಲೂರು ತಾಲ್ಲೂಕು, ಪಾಳ್ಯದ ಕಡೆ. ಕೆಲಸ ಮಾತ್ರ ಆಲೂಗೆಡ್ಡೆ ತುಂಬಿಡುವ ಊರುಗಳಲ್ಲಿ: ಜಲಂಧರ್, ಆಗ್ರಾ, ಗುಜರಾತಿನ ಡೀಸಾ, ಬಂಗಾಳದ ಹೂಗ್ಲಿ ಜಿಲ್ಲೆ. ಗೆಡ್ಡೆ ಒಳಗೆ ಹೋಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಅಷ್ಟರೊಳಗೆ ಮಿಷನ್ ಎಲ್ಲ ತಯಾರಾಗಿರಬೇಕು. ಹಾಗಾಗಿ ಊರಲ್ಲಿ ಕಾಫಿ ಕುಯ್ಯುವ, ಅವರೆಕಾಯಿ ಸೊಗಡು ಏರುವ, ಸಂಕ್ರಾಂತಿ ಮಾಡುವ ಹೊತ್ತಿಗೆ ಸರಿಯಾಗಿ ನಾನು ಉತ್ತರದಲ್ಲಿರುತ್ತೇನೆ.

ನಮ್ಮ ಕಡೆ ಹುಡುಗರು ಐಟಿಐ ಮುಗಿಸಿ ಇಂಥ ಕೆಲಸಕ್ಕೆ ಸೇರುತ್ತಾರೆ. ಕೈಯಲ್ಲಿ ಕೆಲಸ ಚೆನ್ನಾಗಿಯೇ ಇರುತ್ತದೆ, ಆದರೂ ಎರಡನೇ ಸೈಟಿಗೇ ಬ್ಯಾಗ್ ಹೊತ್ತು ವಾಪಸ್ ಬರುತ್ತಾರೆ. ಕೇಳಿದರೆ ‘ಊಟ ಸರಿ ಇಲ್ಲ ಅಣ್ಣ’ ಅನ್ನುತ್ತಾರೆ. ಊಟ ನೆಪ ಅಷ್ಟೆ. ಇಷ್ಟು ವರ್ಷ ಓಡಾಡಿ ನಾನು ಕಂಡಿದ್ದು ಇದು: ಮನೆ ನೆನಪು ಹಬ್ಬದ ದಿನಕ್ಕಿಂತ ಹೆಚ್ಚಾಗಿ ಕಾಡುವುದು ಕೆಲಸ ನಿಂತ ದಿನ. ಬೇರಿಂಗ್ ಕೊರಿಯರ್‌ನಲ್ಲಿದೆ, ಮಾಲೀಕ ಮದುವೆಗೆ ಹೋಗಿದ್ದಾನೆ, ಮಾಡಲಿಕ್ಕೇನೂ ಇಲ್ಲ. ಆ ದಿನಕ್ಕೆ ತಯಾರಾಗಿದ್ದರೆ ಉಳಿದಿದ್ದು ಹೇಗೋ ನಡೆಯುತ್ತದೆ.

ಮೊದಲು ವಾಪಸ್ ಟಿಕೆಟ್

ಹೋಗುವ ಟಿಕೆಟ್ ಕಂಪನಿಯವರು ಮಾಡಿಸುತ್ತಾರೆ. ಬರುವುದಕ್ಕೆ ‘ಕೆಲಸ ಮುಗೀಲಿ, ನೋಡೋಣ’ ಅನ್ನುತ್ತಾರೆ. ಒಪ್ಪಬೇಡಿ. ‘ಮುಗೀದಿದ್ರೆ ಕ್ಯಾನ್ಸಲ್ ಮಾಡ್ತೀನಿ ಸಾರ್, ಟಿಕೆಟ್ ಇರ್ಲಿ’ ಅನ್ನಿ. ತಾರೀಕು ಗೊತ್ತಿರುವ ಮೂರು ತಿಂಗಳು ಕಳೆದುಹೋಗುತ್ತದೆ, ತಾರೀಕಿಲ್ಲದ ಮೂರು ವಾರ ಕಳೆಯುವುದಿಲ್ಲ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಅದಕ್ಕೆ ಮುಂಚೆ 120 ದಿನ ಇತ್ತು. ನಿಮ್ಮ ತಾರೀಕಿಗೆ ಬುಕಿಂಗ್ ತೆರೆಯುವ ದಿನ ಯಾವುದು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೇ ಹೊರಡಿ.

ನಮ್ಮ ಕಡೆಯವರಿಗೆ ಇದರಲ್ಲಿ ಒಂದು ತೊಡಕಿದೆ. ದೀಪಾವಳಿ, ಯುಗಾದಿ ಪಂಚಾಂಗದಲ್ಲಿರುತ್ತವೆ, ಊರ ಸುಗ್ಗಿ ಹಬ್ಬ ಹಾಗಲ್ಲ. ಊರವರು ಕೂತು ದಿನ ಗೊತ್ತು ಮಾಡುವ ಹೊತ್ತಿಗೆ ರೈಲು ತುಂಬಿರುತ್ತದೆ. ಅಂದಾಜಿನ ಮೇಲೆ ಮೊದಲೇ ಟಿಕೆಟ್ ತೆಗೆದಿಟ್ಟು, ದಿನ ಬದಲಾದರೆ ಬೇಗ ರದ್ದು ಮಾಡಿ. ಹೊರಡುವ ದಿನ ಹತ್ತಿರ ಬಂದಷ್ಟೂ ಕಡಿತ ಹೆಚ್ಚು. ತತ್ಕಾಲ್ ನಂಬಿಕೊಂಡರೆ, ಎಸಿಗೆ ಹಿಂದಿನ ದಿನ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈಯಿಂದ ಅದಕ್ಕೆ ಆಧಾರ್ ಓಟಿಪಿ ಬೇಕು. ನಿಮ್ಮ ಆಧಾರ್‌ಗೆ ಜೋಡಿಸಿದ ಹಳೇ ಸಿಮ್ ಮನೆಯಲ್ಲಿ ಅಪ್ಪನ ಫೋನಿನಲ್ಲಿದ್ದರೆ, ಓಟಿಪಿ ಬಂದಾಗ ಅವರು ತೋಟದಲ್ಲಿರುತ್ತಾರೆ. ಹೊರಡುವ ಮುಂಚೆ ನಂಬರ್ ಬದಲಾಯಿಸಿಕೊಳ್ಳಿ.

ಯಶವಂತಪುರದಿಂದ ಚಂಡೀಗಡಕ್ಕೆ ಹೋಗುವ ಸಂಪರ್ಕ ಕ್ರಾಂತಿ ಅರಸೀಕೆರೆ, ಹುಬ್ಬಳ್ಳಿ, ಬೆಳಗಾವಿ, ಪುಣೆ ಮೇಲೆ ಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಆ ಕಡೆ ಮಂಜು; ರೈಲು ಗಂಟೆಗಟ್ಟಲೆ ತಡ. ಊರಿಗೆ ಬಂದ ದಿನವೇ ಯಾವುದಾದರೂ ಶುಭಕಾರ್ಯಕ್ಕೆ ಒಪ್ಪಿಕೊಂಡಿದ್ದರೆ ಅದು ಕೈತಪ್ಪಿತು ಅಂದುಕೊಳ್ಳಿ.

ಬ್ಯಾಗಿನಲ್ಲಿ ಏನು

ಅವ್ವಂದಿರು ಕೊಟ್ಟಿದ್ದೆಲ್ಲ ತುಂಬಿಕೊಂಡರೆ ಸ್ಪ್ಯಾನರ್‌ಗೆ ಜಾಗ ಇರುವುದಿಲ್ಲ. ನಾನು ಒಯ್ಯುವುದು ಎರಡು ಕೆಜಿ ರಾಗಿಹಿಟ್ಟು, ಹುಳಿಪುಡಿ, ಹುಚ್ಚೆಳ್ಳು ಚಟ್ನಿಪುಡಿ, ಕಾಫಿಪುಡಿ, ಇಬ್ಬರಿಗೆ ಸಾಕಾಗುವ ಸ್ಟೀಲ್ ಫಿಲ್ಟರ್. ಅಷ್ಟೆ. ಕೊಬ್ಬರಿ ಎಣ್ಣೆ ಅಲ್ಲಿನ ಚಳಿಗೆ ಕಲ್ಲಾಗುತ್ತದೆ, ಅಗಲ ಬಾಯಿಯ ಡಬ್ಬದಲ್ಲಿರಲಿ. ವಿಮಾನದಲ್ಲಿ ಹೋಗುವವರು ಒಣ ಕೊಬ್ಬರಿ ಒಯ್ಯಬೇಡಿ. ಎಣ್ಣೆಯಂಶದಿಂದ ಹೊತ್ತಿಕೊಳ್ಳಬಹುದು ಅಂತ ಅದಕ್ಕೆ ನಿಷೇಧ ಇದೆ. ಅರಸೀಕೆರೆ ಕಡೆಯವರಿಗೆ ಇದನ್ನು ಎರಡು ಸಲ ಹೇಳಬೇಕು. ಖಾರದಪುಡಿ, ಉಪ್ಪಿನಕಾಯಿ ಕೈಬ್ಯಾಗಿನಲ್ಲಿ ಬೇಡ, ಲಗೇಜಿಗೆ ಹಾಕಿ.

ಕಾಫಿಪುಡಿಯನ್ನು ಕಾಲು ಕೆಜಿಯ ಪೊಟ್ಟಣಗಳಾಗಿಯೇ ಕಟ್ಟಿಸಿಕೊಳ್ಳಿ. ಒಂದು ಒಡೆದು ಮುಗಿದ ಮೇಲೆ ಇನ್ನೊಂದು. ಒಟ್ಟಿಗೆ ಒಯ್ದರೆ ಎರಡನೇ ವಾರಕ್ಕೆ ಘಮ ಹೋಗಿ ಬರೀ ಕಪ್ಪುನೀರು. ಡಿಕಾಕ್ಷನ್‌ಗೆ ಫಿಲ್ಟರ್ ಮಾಡಿದ ನೀರೇ ಹಾಕಿ, ಬೋರ್ ನೀರಿಗೆ ರುಚಿ ಕೆಡುತ್ತದೆ. ಹಾಲಿನ ಚಿಂತೆ ಬೇಡ: ಪಂಜಾಬಿನ ಹಾಲು ನಮ್ಮ ನಂದಿನಿಗಿಂತ ಗಟ್ಟಿಯೇ ಅನ್ನಿಸಿದೆ ನನಗೆ, ಸ್ವಲ್ಪ ನೀರು ಬೆರೆಸಬೇಕಾಗುತ್ತದೆ. ಪ್ಲಾಂಟಿನವರಿಗೆ ಒಂದು ಲೋಟ ಕೊಡಿ. ‘ಕಡವಾ ಹೈ’ (ಕಹಿ) ಅಂತ ಮುಖ ಕಿವುಚಿದವನೇ ನಾಳೆ ಬೆಳಿಗ್ಗೆ ಲೋಟ ಹಿಡಿದು ಬಾಗಿಲಲ್ಲಿರುತ್ತಾನೆ.

ರೂಮಿನಲ್ಲಿ ಮುದ್ದೆ

ವಾರಕ್ಕೊಂದು ಸಲ ಸಾಕು. ದಿನಾ ಊರಿನ ಊಟವೇ ಬೇಕು ಅಂತ ಹೊರಟವರು ಎರಡು ವಾರಕ್ಕೆ ಅಡುಗೆ ಮಾಡಿ ಸೋತು, ಅಲ್ಲಿನ ಊಟಕ್ಕೂ ಒಗ್ಗದೆ ಬಿಸ್ಕತ್ತು ತಿನ್ನುತ್ತಿರುತ್ತಾರೆ. ಉಳಿದ ಆರು ದಿನ ಅಲ್ಲಿನವರು ಏನು ತಿನ್ನುತ್ತಾರೋ ಅದನ್ನೇ ತಿನ್ನಿ. ಆ ಒಂದು ದಿನ ಮಾತ್ರ ತಪ್ಪಿಸಬೇಡಿ.

ಇಂಡಕ್ಷನ್ ಒಲೆ, ತಳ ಸಪಾಟಾದ ದಪ್ಪ ಪಾತ್ರೆ ಬೇಕು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರಿಗೆ ಉಪ್ಪು, ಒಂದು ಚಮಚ ಹಿಟ್ಟು ಕದಡಿ, ಮರಳಲು ಬಿಡಿ. ಕುದಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ, ಕದಡಬೇಡಿ. ಉರಿ ತಗ್ಗಿಸಿ. ಗುಡ್ಡೆಯ ಸುತ್ತ ನೀರು ಕೊತಕೊತ ಅಂದು, ಮೇಲಿನ ಹಿಟ್ಟಿನ ಬಣ್ಣ ತಿರುಗುವವರೆಗೆ ಬೇಯಲಿ. ಈಗ ತೊಳಸುವುದು. ಒಲೆ ಮೇಲೇ ತೊಳಸಿದರೆ ಗಾಜು ಒಡೆಯುತ್ತದೆ. ಪಾತ್ರೆ ಇಳಿಸಿ ಗೋಣಿಚೀಲದ ಮೇಲಿಡಿ, ಕೋಲ್ಡ್ ಸ್ಟೋರೇಜ್‌ನಲ್ಲಿ ಗೋಣಿಚೀಲಕ್ಕೆ ಬರವೇ? ಮಣೆಯ ಮೇಲೆ ಕೂತು, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಎರಡು ಪಾದದ ನಡುವೆ ಅಮುಕಿ ಹಿಡಿದು, ಕೋಲಿನಿಂದ ಅಂಚಿಗೆ ಒತ್ತಿ ಒತ್ತಿ ತಿರುವಿ. ಮುದ್ದೆಕೋಲು ಇಲ್ಲದಿದ್ದರೆ ಚಪಾತಿ ಲಟ್ಟಣಿಗೆ ನಡೆಯುತ್ತದೆ, ಪಂಜಾಬಿನಲ್ಲಿ ಅದಿಲ್ಲದ ಮನೆ ಇಲ್ಲ. ಗಂಟು ಉಳಿದರೆ ಇನ್ನೆರಡು ನಿಮಿಷ ಮುಚ್ಚಿಟ್ಟು ಮತ್ತೆ ತೊಳಸಿ. ತಟ್ಟೆಗೆ ನೀರು ಸವರಿ, ಕೈ ಒದ್ದೆ ಮಾಡಿಕೊಂಡು ಕಟ್ಟಿ.

ಸಾರಿಗೆ ಸೊಪ್ಪು ಹುಡುಕಬೇಕಾಗಿಲ್ಲ. ಚಳಿಗಾಲದಲ್ಲಿ ಅಲ್ಲಿ ಬಥುವಾ ಅಂತ ಕಟ್ಟುಗಟ್ಟಲೆ ಮಾರುವುದು ನಮ್ಮ ಚಕ್ಕೋತ ಸೊಪ್ಪೇ. ತೊಗರಿಬೇಳೆ ಜೊತೆ ಬೇಯಿಸಿ ಕಟ್ಟು ಬಸಿದು, ಹುಳಿಪುಡಿ ಹಾಕಿದರೆ ಬಸ್ಸಾರು. ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯವೂ ಆಯಿತು. ಡೀಸಾದಲ್ಲಿದ್ದರೆ ಚಳಿಗಾಲಕ್ಕೆ ಪಾಪ್ಡಿ ಅಂತ ಬರುತ್ತದೆ, ಅದು ಅವರೆಯ ಜಾತಿಯೇ. ಸೊಗಡು ನಮ್ಮದರಷ್ಟಿಲ್ಲ, ಆದರೂ ಸಾರಿಗೆ ಮೋಸ ಇಲ್ಲ. ಹೂಗ್ಲಿಯಲ್ಲಂತೂ ಅನ್ನ, ಕಡ್ಲೆಪುರಿ ತಿನ್ನುವ ಜನ. ಹೊಟ್ಟೆ ಬೇಗ ಒಗ್ಗುತ್ತದೆ.

ಫೋನು ಬೆಳಿಗ್ಗೆ ಮಾಡಿ

ಎಲ್ಲರೂ ರಾತ್ರಿ ಊಟ ಮಾಡಿ ಮಲಗುವ ಮುಂಚೆ ಮನೆಗೆ ಫೋನು ಮಾಡುತ್ತಾರೆ. ನನ್ನ ಮಟ್ಟಿಗೆ ಅದು ಕೆಟ್ಟ ಹೊತ್ತು. ರಾತ್ರಿ ಮನೆಯವರಿಗೂ ದಣಿವು, ನಿಮಗೂ ದಣಿವು. ಮಾತು ಸಾಲ, ಸೊಸೈಟಿ ನೋಟಿಸು, ಮಗನ ಜ್ವರದ ಕಡೆಗೇ ಹೊರಳುತ್ತದೆ. ಅಷ್ಟು ದೂರ ಕೂತು ಆ ಹೊತ್ತಿನಲ್ಲಿ ಏನೂ ಮಾಡಲಾಗುವುದಿಲ್ಲ, ನಿದ್ದೆ ಮಾತ್ರ ಹೋಗುತ್ತದೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಮಾಡಿ. ಅವ್ವನ ಕೈಯಲ್ಲಿ ಕೆಲಸ ಇರುತ್ತದೆ, ‘ಇಡ್ತೀನಿ ಕಣಪ್ಪ, ಆಳು ಬಂದ್ರು’ ಅನ್ನುತ್ತಾರೆ. ಐದು ನಿಮಿಷದ ಆ ಮಾತು ದಿನವಿಡೀ ಬಾಳಿಕೆ ಬರುತ್ತದೆ. ಹೆಂಡತಿ ಜೊತೆ ಮಾತಾಡುವುದು ಬೇರೆ, ಅದಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ. ಅವ್ವನ ಫೋನಿನಲ್ಲೇ ‘ಅವಳಿಗೆ ಕೊಡು’ ಅನ್ನಬೇಡಿ.

‘ಹೇಗಿದ್ದೀರಾ’ ಅಂದರೆ ‘ಇದ್ದೀವಿ’ ಅನ್ನುವುದು ಬಿಟ್ಟು ಇನ್ನೇನು ಹೇಳಿಯಾರು? ಇವತ್ತು ಎಷ್ಟು ಮೂಟೆ ಕುಯ್ದರು, ಕಣದಲ್ಲಿ ಹಣ್ಣು ಒಣಗಿತಾ, ಎಮ್ಮೆ ಗಬ್ಬ ನಿಂತಿತಾ ಅಂತ ಕೇಳಿ. ಫೆಬ್ರವರಿ ಕಳೆದ ಮೇಲೆ ನಮ್ಮ ಮನೆಯಲ್ಲಿ ಒಂದೇ ಮಾತು: ಹೂ ಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆ. ರೋಬಸ್ಟಾ ಕಾಫಿಗೆ ಒಂದು ಇಂಚಾದರೂ ಬೀಳಬೇಕು, ಕಮ್ಮಿಯಾದರೆ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಬಿದ್ದ ಮೇಲೆ ಎರಡು ಮೂರು ವಾರದಲ್ಲಿ ಕಾಯಿ ಕಚ್ಚಲು ಇನ್ನೊಂದು, ಅದೇ ಬ್ಯಾಕಿಂಗ್ ಮಳೆ. ಅಪ್ಪ ‘ಒಂದು ಇಂಚು ಹತ್ತು ಸೆಂಟು’ (ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟು) ಅಂದಾಗ ಜಲಂಧರ್‌ನಲ್ಲಿ ಕೂತ ನನಗೂ ಒಂದು ಲೆಕ್ಕ ಸಿಗುತ್ತದೆ, ನಾನೂ ಮನೆಯ ವ್ಯವಹಾರದಲ್ಲಿದ್ದೇನೆ ಅನ್ನಿಸುತ್ತದೆ.

ಹಬ್ಬದೂಟದ ಹೊತ್ತಿಗೆ ವಿಡಿಯೊ ಕಾಲ್ ಮಾತ್ರ ಬೇಡ. ಕಡುಬು ತೋರಿಸುವುದು ಅವರಿಗೂ ಸಂಕಟ, ನೋಡುವುದು ನಿಮಗೂ ಸಂಕಟ. ಮಾರನೇ ದಿನ ಮಾತಾಡಿ.

ಆನೆ ಬಂದ ಸುದ್ದಿ

ಇದು ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯವರಿಗೆ. ರಾತ್ರಿ ಹತ್ತಕ್ಕೆ ಊರಿನ ವಾಟ್ಸಾಪ್ ಗುಂಪಿನಲ್ಲಿ ‘ಕೆರೆ ಹತ್ರ ಮೂರು ಇವೆ, ಯಾರೂ ಹೊರಗೆ ಬರಬೇಡಿ’ ಅಂತ ಬರುತ್ತದೆ. ನೀವು ಎರಡು ಸಾವಿರ ಕಿಲೋಮೀಟರ್ ಆಚೆ. ಮನೆಯವರಿಗೆ ಒಂದರ ಮೇಲೊಂದು ಫೋನು ಮಾಡಿ ಅವರನ್ನು ಸಿಗ್ನಲ್ ಹುಡುಕಿಕೊಂಡು ಅಂಗಳಕ್ಕೆ ಬರುವಂತೆ ಮಾಡಬೇಡಿ. ಅಲ್ಲಿಂದ ನೀವು 112 ಒತ್ತಿದರೆ ಫೋನು ಹೋಗುವುದು ಪಂಜಾಬಿನ ಕಂಟ್ರೋಲ್ ರೂಮಿಗೆ. ಆದ್ದರಿಂದ ಹೊರಡುವ ಮುಂಚೆಯೇ ವಲಯ ಅರಣ್ಯ ಕಚೇರಿಯ ಪೂರ್ತಿ ನಂಬರ್, ಪಕ್ಕದ ತೋಟದ ಲೆಕ್ಕ ನೋಡುವ ರೈಟರ್ ನಂಬರ್, ಜೀಪು ಇರುವ ಒಬ್ಬರ ನಂಬರ್ ಬರೆದಿಟ್ಟುಕೊಳ್ಳಿ. ಮನೆಯವರ ಜೊತೆ ಒಂದು ಒಪ್ಪಂದ ಇರಲಿ: ಎಲ್ಲ ಒಳಗಿದ್ದರೆ ಒಂದು ಮೆಸೇಜು, ಅಷ್ಟೇ. ಅದು ಬಂದ ಮೇಲೆ ಗುಂಪನ್ನು ಮ್ಯೂಟ್ ಮಾಡಿ ಮಲಗಿ. ನಾನು ಹಾಗೇ ಮಾಡುತ್ತೇನೆ. ನಿದ್ದೆ ತಡವಾಗಿಯಾದರೂ ಬರುತ್ತದೆ.

ಕೆಲಸ ನಿಂತ ದಿನ

ರೂಮಿನಲ್ಲಿ ಮಲಗಬೇಡಿ, ಮೊಬೈಲ್ ಹಿಡಿಯಬೇಡಿ. ಕೈಗೆ ಕೆಲಸ ಕೊಡಿ. ಬೆಳಿಗ್ಗೆ ಬಟ್ಟೆ ಒಗೆಯಿರಿ, ಅಮೋನಿಯಾ ವಾಸನೆ ಹಿಡಿದ ಜಾಕೆಟ್ಟಿಗೆ ಹೇಗೂ ಬಿಸಿಲು ಬೇಕು. ಆಮೇಲೆ ಪಂಜಾಬಿನಲ್ಲಾದರೆ ಗುರುದ್ವಾರಕ್ಕೆ ಹೋಗಿ. ತಲೆಗೆ ಕರವಸ್ತ್ರ ಕಟ್ಟಿ, ಕಾಲು ತೊಳೆದು ಒಳಗೆ ಹೋದರೆ ಯಾರೂ ಯಾವ ಊರು, ಯಾವ ಜನ ಅನ್ನುವುದಿಲ್ಲ. ಅಲ್ಲಿನ ದಾಸೋಹ, ಅಂದರೆ ಲಂಗರಿನಲ್ಲಿ ಊಟ ಮಾಡಿ ಎದ್ದು ಬರಬೇಡಿ. ಈರುಳ್ಳಿ ಸುಲಿಯಲು, ಬಟಾಣಿ ಬಿಡಿಸಲು ಕೂತವರ ಸಾಲಿನಲ್ಲಿ ಕೂತುಬಿಡಿ. ನಮ್ಮ ಮನೆ ಜಗಲಿಯಲ್ಲಿ ಅವರೆಕಾಳು ಹಿಸುಕುವಾಗ ನಡೆಯುವಂಥ ಮಾತೇ ಅಲ್ಲೂ ನಡೆಯುತ್ತಿರುತ್ತದೆ. ಭಾಷೆ ಅರ್ಧ ತಿಳಿದರೂ ಒಂದು ಮಧ್ಯಾಹ್ನ ಕಳೆಯುತ್ತದೆ.

ಇನ್ನೊಂದು ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಪರಊರಿನಲ್ಲಿ ಕನ್ನಡದವರನ್ನೇ ಹುಡುಕಿಕೊಂಡು ಹೋಗುವುದು ಅಷ್ಟೇನೂ ಒಳ್ಳೆಯದಲ್ಲ. ರೂಮು, ಡಾಕ್ಟರು ವಿಚಾರಿಸಲು ಸರಿ. ಆದರೆ ಹಾಸನದವರು ಇಬ್ಬರು ಕೂತರೆ ಮಾತು ಊರಿನದೇ, ಏಳುವಾಗ ಇಬ್ಬರ ಮುಖವೂ ಬಾಡಿರುತ್ತದೆ. ಅದಕ್ಕಿಂತ ನಿಮ್ಮ ಹಾಗೇ ಊರು ಬಿಟ್ಟು ಬಂದ ಬೇರೆ ಕಡೆಯವನ ಸ್ನೇಹ ಮಾಡಿ. ಕೋಲ್ಡ್ ಸ್ಟೋರೇಜ್‌ನ ಆಪರೇಟರು, ಹಮಾಲರಲ್ಲಿ ಬಿಹಾರದವರು ಬಹಳ. ಛಠ್ ಪೂಜೆಗೆ ರಜಾ ಸಿಗದವನ ಎದುರು ಸಂಕ್ರಾಂತಿಗೆ ರಜಾ ಸಿಗದ ನೀವು ಹೆಚ್ಚು ಹೇಳಬೇಕಾಗಿಲ್ಲ. ಅವನು ಲಿಟ್ಟಿ ಅನ್ನುವ ಹಿಟ್ಟಿನುಂಡೆ ಸುಡುತ್ತಾನೆ, ನೀವು ಮುದ್ದೆ ಕಟ್ಟಿ.

ಲಾರಿ ಮತ್ತು ವಾಪಸಾತಿ

ಜಲಂಧರ್‌ಗೂ ಹಾಸನಕ್ಕೂ ಹಳೇ ನಂಟು. ನಮ್ಮ ರೈತರು ಮುಂಗಾರಿಗೆ ಹಾಕುವ ಕುಫ್ರಿ ಜ್ಯೋತಿ ಬಿತ್ತನೆ ಗೆಡ್ಡೆ ಬರುವುದು ಆ ಕಡೆಯ ಕೋಲ್ಡ್ ಸ್ಟೋರೇಜ್‌ಗಳಿಂದಲೇ. ಏಪ್ರಿಲ್, ಮೇನಲ್ಲಿ ಹಾಸನ ಎಪಿಎಂಸಿಗೆ ಇಳಿಯುತ್ತದೆ. ಆ ಹೊತ್ತಿಗೆ ನೀವು ಅಲ್ಲಿದ್ದರೆ ಗೇಟಿನಲ್ಲಿ ಹಾಸನದ ಕೆಎ-13 ನಂಬರ್ ಪ್ಲೇಟ್ ಕಂಡರೂ ಕಂಡೀತು. ಡ್ರೈವರ್‌ಗೆ ಊಟ ಹಾಕಿ ವಿಚಾರಿಸಿ. ಭಾರದ ಕಂಬಳಿ, ರಜಾಯಿ, ಹಳೇ ಟೂಲ್ ಬಾಕ್ಸ್ ಅವರ ಕೈಯಲ್ಲಿ ಕಳಿಸಬಹುದು. ಮೇಲೆ ಹೆಸರು, ಮನೆಯವರ ಫೋನ್ ನಂಬರ್ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆಯಿರಿ. ಲೋಡು ಎಪಿಎಂಸಿಯಲ್ಲಿ ಇಳಿಯುವ ದಿನ ಗೊತ್ತು ಮಾಡಿಕೊಂಡು ತಮ್ಮನನ್ನೋ ಭಾವನನ್ನೋ ಬೆಳಗಿನ ಜಾವವೇ ಯಾರ್ಡಿಗೆ ಕಳಿಸಿ, ಲಾರಿ ಖಾಲಿಯಾಗಿ ಹೊರಟರೆ ಸಿಗುವುದಿಲ್ಲ. ದುಡ್ಡು, ಮೊಬೈಲು ಕಳಿಸಬೇಡಿ.

ನೀವು ಬಂದ ಮೇಲೆ ಮೊದಲ ಎರಡು ದಿನ ಯಾರಿಗೂ ಮಾತು ಕೊಡಬೇಡಿ. ನೆಂಟರ ಮನೆ ಔತಣ, ಪಂಪ್‌ಸೆಟ್ ರಿಪೇರಿ, ಬ್ಯಾಂಕು ಎಲ್ಲ ಮೂರನೇ ದಿನಕ್ಕೆ. ಪ್ರಯಾಣ ಖರ್ಚಿನ ಟಿಎ ಬಿಲ್ಲು ಮಾತ್ರ ಬಂದ ದಿನವೇ ಫೋಟೊ ತೆಗೆದು ಆಫೀಸಿಗೆ ಕಳಿಸಿ. ತಡವಾದರೆ ಆಟೋ ರಸೀದಿಗೂ ತಕರಾರು ತೆಗೆಯುತ್ತಾರೆ.