ಭಾನುವಾರ ಹಸಿದಿರುವ ಎಸ್‌ಟಿಪಿ: ಆಫೀಸು, ಹೋಟೆಲು ಒಟ್ಟಿಗೆ ಕಟ್ಟಿದ ಅನುಭವ

ಬೆಂಗಳೂರಿನ ಉತ್ತರಕ್ಕೆ ಒಂದು ಸೈಟು. ಅದರಲ್ಲಿ ಆಫೀಸೂ ಬೇಕು, 120 ರೂಮಿನ ಹೋಟೆಲೂ ಬೇಕು. ಮೊದಲ ಮೀಟಿಂಗಿನಲ್ಲೇ ಮಾಲೀಕರು ಕೇಳಿದರು, "ಎಲಿವೇಶನ್ (ಕಟ್ಟಡದ ಹೊರನೋಟ) ಯಾವಾಗ ತೋರಿಸ್ತೀರಿ ಸರ್?" ನಾನು "ಮೊದಲು ಎಸ್‌ಟಿಪಿ ವಿಷಯ ಮಾತಾಡೋಣ" ಅಂದೆ. ಎಸ್‌ಟಿಪಿ ಅಂದರೆ ಕಟ್ಟಡದ ಕೊಳಚೆ ನೀರನ್ನು ಶುದ್ಧ ಮಾಡುವ ಘಟಕ. ಅವರಿಗೆ ಆಶ್ಚರ್ಯವಾಯಿತು.

ಕಾರಣ ಇತ್ತು. ಅದಕ್ಕೂ ಹಿಂದೆ ನಾನು ಬರೀ ಆಫೀಸಿನ ಕಟ್ಟಡವೊಂದನ್ನು ಮಾಡಿದ್ದೆ. ಪ್ರತಿ ಸೋಮವಾರ ಅಲ್ಲಿ ಬೇಸ್‌ಮೆಂಟೆಲ್ಲ ನಾತ. ಒಂದು ದಿನ ನಾನೇ ಕೆಳಗಿಳಿದು ಹೋದೆ. ಎಸ್‌ಟಿಪಿ ಆಪರೇಟರ್ ರಾಯಚೂರು ಕಡೆಯ ಹುಡುಗ. ಕೊಳಚೆ ನೀರಿಗೆ ಗಾಳಿ ಊದುವ ಏರೇಶನ್ ಟ್ಯಾಂಕಿನ ನೀರನ್ನು ಒಂದು ಲೀಟರಿನ ಅಳತೆ ಜಾಡಿಗೆ ತುಂಬಿ, ಅಲ್ಲಾಡಿಸದೆ 30 ನಿಮಿಷ ಇಟ್ಟ. ಚೆನ್ನಾಗಿರುವ ಪ್ಲಾಂಟಿನಲ್ಲಾದರೆ ಕಂದು ಸ್ಲಡ್ಜ್ (ಕೆಸರು) ತಳಕ್ಕೆ ಕೂತು ಮೇಲೆ ತಿಳಿನೀರು ನಿಲ್ಲಬೇಕು. ಇಲ್ಲಿ ಪೂರ್ತಿ ಜಾಡಿ ಕಲಗಚ್ಚಿನ ಹಾಗೆ ಬಗ್ಗಡ. "ಸರ್, ಶನಿವಾರ ಭಾನುವಾರ ಇದಕ್ಕ ಊಟನೇ ಇಲ್ರಿ. ಸೋಮವಾರ ಒಮ್ಮೆಲೇ ಸುರೀತದ. ಹೆಂಗ ತಡಕೋಬೇಕು?" ಅಂದ. ಕೊಳೆಯನ್ನು ತಿಂದು ನೀರನ್ನು ತಿಳಿ ಮಾಡುವ ಬ್ಯಾಕ್ಟೀರಿಯಾಗಳು ಎರಡು ದಿನ ಉಪವಾಸ ಇದ್ದವು. ಅವನ ಮಾತು ನನ್ನ ತಲೆಯಲ್ಲಿ ಹಾಗೇ ಉಳಿಯಿತು.

ಹೋಟೆಲಿಗೆ ಭಾನುವಾರದ ರಜೆ ಇಲ್ಲ. ಮದುವೆ, ರಿಸೆಪ್ಷನ್ ಇದ್ದರೆ ಅವತ್ತೇ ಜನ ಜಾಸ್ತಿ. ಹಾಗಾಗಿ ಎರಡಕ್ಕೂ ಸೇರಿ ಒಂದೇ ಎಸ್‌ಟಿಪಿ ಇಟ್ಟೆವು. ಹೋಟೆಲಿನಲ್ಲಿ ಸ್ನಾನದ ನೀರು ಬೇಕಾದಷ್ಟು. ಆಫೀಸಿನಲ್ಲಿ ಸ್ನಾನ ಇಲ್ಲ, ಫ್ಲಶ್ ಮಾತ್ರ. ಒಬ್ಬರು ಬಿಟ್ಟ ನೀರು ಇನ್ನೊಬ್ಬರ ಫ್ಲಶ್‌ಗೆ, ಎಸಿಯ ಬಿಸಿಯನ್ನು ಹೊರಹಾಕುವ ಕೂಲಿಂಗ್ ಟವರ್‌ಗೆ, ಗಿಡಗಳಿಗೆ. ಆದರೆ ಹೋಟೆಲ್ ಅಡುಗೆಮನೆಯ ಎಣ್ಣೆ ಜಿಡ್ಡು ನೇರವಾಗಿ ಟ್ಯಾಂಕಿಗೆ ಬಂದರೆ ಕೆಲಸ ಕೆಟ್ಟಿತು. ಅದಕ್ಕೆ ಅಡುಗೆಮನೆಯ ಹತ್ತಿರವೇ ಜಿಡ್ಡನ್ನು ತಡೆದು ಹಿಡಿಯುವ ಗ್ರೀಸ್ ಟ್ರಾಪ್ ಇಟ್ಟು, ತೆಗೆದು ತೊಳೆಯುವವರಿಗೆ ನಿಂತು ಕೆಲಸ ಮಾಡುವಷ್ಟು ಜಾಗ ಬಿಟ್ಟೆವು. ಶುದ್ಧ ಮಾಡಿದ ನೀರಿನ ಪೈಪು, ಕುಡಿಯುವ ನೀರಿನ ಪೈಪು ಎಲ್ಲೂ ಕೂಡಬಾರದು. ಕಟ್ಟಡ ಒಪ್ಪಿಸುವ ಮೊದಲು ಒಂದು ಲೈನಿಗೆ ಬಣ್ಣದ ನೀರು ಬಿಟ್ಟು ಪ್ರತಿ ನಲ್ಲಿ ತಿರುಗಿಸಿ ನೋಡಿದೆವು. ನಾಲ್ಕು ದಿನ ಹಿಡಿಯಿತು.

ನೀರಿನ ಹಾಗೆಯೇ ಬಿಸಿಯ ಕಥೆಯೂ. ಒಂದು ರೂಮಿಗೆ ದಿನಕ್ಕೆ 100 ಲೀಟರ್ ಬಿಸಿನೀರು ಅಂತ ಲೆಕ್ಕ ಹಿಡಿದೆವು. ಒಟ್ಟು 12,000 ಲೀಟರ್. ಅದನ್ನು 25 ಡಿಗ್ರಿಯಿಂದ 55ಕ್ಕೆ ಏರಿಸಲು ಗೀಸರ್ ಹಾಕಿದರೆ ದಿನಕ್ಕೆ ಸುಮಾರು 420 ಯೂನಿಟ್ ಕರೆಂಟು. ಈ ಕಡೆ ಆಫೀಸಿನ ಎಸಿಗೆ ನೀರು ತಣ್ಣಗೆ ಮಾಡಿಕೊಡುವ ಚಿಲ್ಲರ್ ಯಂತ್ರ (100 ಟನ್ನಿನದು; ಟನ್ ಇಲ್ಲಿ ತೂಕವಲ್ಲ, ತಣಿಸುವ ಶಕ್ತಿಯ ಅಳತೆ) ಒಂದೇ ಗಂಟೆಯಲ್ಲಿ ಹೆಚ್ಚುಕಮ್ಮಿ ಅಷ್ಟೇ ಬಿಸಿಯನ್ನು ಆಕಾಶಕ್ಕೆ ಊದುತ್ತದೆ! ಕಾಗದದ ಮೇಲೆ ಈ ಲೆಕ್ಕ ಕಂಡ ದಿನ ನನಗೆ ನಿದ್ದೆ ಬರಲಿಲ್ಲ. ಆದರೆ ಆ ಬಿಸಿ 35 ಡಿಗ್ರಿ ಆಸುಪಾಸಿನದು, ಬರೀ ಉಗುರುಬೆಚ್ಚಗೆ. ಸ್ನಾನಕ್ಕೆ ಸಾಲದು. ಹಾಗಾಗಿ ಮಧ್ಯೆ ಈ ಬಿಸಿಯನ್ನು ಹೀರಿ ಇನ್ನೂ ಮೇಲಕ್ಕೆ ಏರಿಸುವ ಒಂದು ಹೀಟ್ ಪಂಪ್ ಇಟ್ಟು 60ಕ್ಕೆ ಏರಿಸಿದೆವು. ಅದಕ್ಕೂ ಕರೆಂಟು ಬೇಕು, ಆದರೆ ಗೀಸರಿಗಿಂತ ತುಂಬಾ ಕಡಿಮೆ. ಬಿಸಿ ಸಿಗುವುದು ಮಧ್ಯಾಹ್ನ, ಅತಿಥಿಗಳು ಸ್ನಾನ ಮಾಡುವುದು ಬೆಳಿಗ್ಗೆ. ಅದಕ್ಕೇ ದಪ್ಪ ಇನ್ಸುಲೇಶನ್ ಸುತ್ತಿದ ದೊಡ್ಡ ಟ್ಯಾಂಕು. ನೀರನ್ನು 60 ಡಿಗ್ರಿಯಲ್ಲೇ ಇಡಬೇಕು. ಬೆಚ್ಚಗೆ ಬಿಟ್ಟರೆ ಅದರಲ್ಲಿ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ.

ಕಂಬದಿಂದ ಕಂಬಕ್ಕೆ ಅಂತರ 8.4 ಮೀಟರ್ ಇಟ್ಟೆವು. ಬೇಸ್‌ಮೆಂಟಿನಲ್ಲಿ ಎರಡು ಕಂಬದ ನಡುವೆ ಮೂರು ಕಾರು, ಮೇಲೆ ಎರಡು ಹೋಟೆಲ್ ರೂಮು, ಪಕ್ಕದಲ್ಲಿ ಆಫೀಸಿನ ಒಂದು ಅಂಕಣ. ಮೂರಕ್ಕೂ ಹೊಂದುವ ಅಳತೆ ಸಿಕ್ಕರೆ ಕಂಬಗಳು ಕೆಳಗಿನಿಂದ ಮೇಲಿನವರೆಗೆ ನೇರ ಹೋಗುತ್ತವೆ. ನಡುವೆ ಭಾರ ಹೊರಿಸಲು ದೈತ್ಯ ತೊಲೆಗಳು ಬೇಡ. ಅಷ್ಟು ಸಿಮೆಂಟು, ಕಬ್ಬಿಣ ಉಳಿಯಿತು. ಪಾರ್ಕಿಂಗೂ ಹಾಗೇ: ಹಗಲು ಆಫೀಸಿನ ಕಾರು, ಸಂಜೆ ಮದುವೆಗೆ ಬಂದವರ ಕಾರು.

ಬಿಸಿಲಿನ ವಿಷಯದಲ್ಲಿ ಮಾತ್ರ ಜಗಳವೇ ಆಯಿತು. ಹೋಟೆಲ್ ಕಡೆಯವರಿಗೆ ನಾಲ್ಕೂ ದಿಕ್ಕಿಗೆ ಗಾಜು ಬೇಕಿತ್ತು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಆದ್ದರಿಂದ ಉತ್ತರದ ಗೋಡೆಗೂ ಸಣ್ಣ ಸಜ್ಜಾ (ಕಿಟಕಿಯ ಮೇಲೆ ನೆರಳಿಗೆ ಚಾಚಿದ ಹಲಗೆ) ಬೇಕೇ ಬೇಕು. ಪಶ್ಚಿಮದಲ್ಲಿ ಸಜ್ಜಾ ನಡೆಯುವುದಿಲ್ಲ, ಇಳಿಬಿಸಿಲು ನೇರ ಒಳಗೆ ನುಗ್ಗುತ್ತದೆ. ಮಾತಿನಲ್ಲಿ ಹೇಳಿದರೆ ಯಾರೂ ಒಪ್ಪಲಿಲ್ಲ. ಸೈಟಿನಲ್ಲೇ ಪಶ್ಚಿಮಕ್ಕೆ ಮುಖ ಮಾಡಿ ಒಂದು ಮಾದರಿ ರೂಮು ಕಟ್ಟಿಸಿದೆ. ಏಪ್ರಿಲ್‌ನ ಒಂದು ಸಂಜೆ ನಾಲ್ಕು ಗಂಟೆಗೆ ಎಲ್ಲರನ್ನೂ ಕರೆದು, "ಒಳಗಿನಿಂದ ಗಾಜಿಗೆ ಅಂಗೈ ಒತ್ತಿ" ಅಂದೆ. ಮೂರು ಸೆಕೆಂಡಿಗೆ ಕೈ ತೆಗೆದರು. ಲಿಫ್ಟು, ಮೆಟ್ಟಿಲು, ಟಾಯ್ಲೆಟ್ಟು, ಬಟ್ಟೆಬರೆ ಇಡುವ ಕೋಣೆ ಎಲ್ಲ ಪಶ್ಚಿಮಕ್ಕೆ ಹೋಯಿತು.

ಆ ಪಶ್ಚಿಮದ ಗೋಡೆಗೆ ಹಾಕಿದ್ದು ಬೇಸ್‌ಮೆಂಟ್ ಅಗೆದ ಮಣ್ಣನ್ನೇ. ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಶುರುವಾದ ಅಸ್ತ್ರ ಕೇಂದ್ರದವರು 1970ರ ದಶಕದಿಂದಲೇ ಹೇಳುತ್ತ ಬಂದ ಒತ್ತಿದ ಮಣ್ಣಿನ ಬ್ಲಾಕು. ಇಟ್ಟಿಗೆಯ ಹಾಗೆ ಸುಡಬೇಕಿಲ್ಲ, ಸ್ವಲ್ಪ ಸಿಮೆಂಟು ಕಲಸಿ ಮೆಷಿನ್‌ನಲ್ಲಿ ಒತ್ತಿ, ನೀರು ಹಾಕಿ ಗಟ್ಟಿ ಮಾಡುವುದು. ನಮ್ಮ ಮಣ್ಣಿನಲ್ಲಿ ಜೇಡಿ ಜಾಸ್ತಿ ಇತ್ತು. ಮೊದಲ ಬ್ಲಾಕುಗಳೆಲ್ಲ ಒಣಗುವಾಗ ಬಿರುಕು ಬಿಟ್ಟವು. ಕಲ್ಲುಪುಡಿ ಬೆರೆಸಿದ ಮೇಲೆ ಸರಿಹೋಯಿತು.

ಕಟ್ಟಡದ ಬಳಕೆ ಶುರುವಾದ ಮೇಲೆ ಆ ರಾಯಚೂರಿನ ಹುಡುಗನನ್ನೇ ಇಲ್ಲಿಗೆ ಕರೆಸಿಕೊಂಡೆವು. ಒಂದು ಸೋಮವಾರ ಬೆಳಿಗ್ಗೆ ಫೋನ್ ಮಾಡಿದ, "ಸರ್, ಬಂದು ನೋಡ್ರಿ." ಹಿಂದಿನ ದಿನ ದೊಡ್ಡ ಮದುವೆ ಇತ್ತು. ಹೋದಾಗ ಜಾಡಿ ತುಂಬಿಸಿ ಇಟ್ಟಿದ್ದ. ಇಬ್ಬರೂ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಅರ್ಧ ಗಂಟೆ ಕೂತೆವು. ಕಂದು ಬಣ್ಣ ಮೆಲ್ಲಗೆ ಕೆಳಗಿಳಿಯಿತು. ಮೇಲಿನ ನೀರಿನ ಮೂಲಕ ಜಾಡಿಯ ಆಚೆ ಬದಿಯ ಗೆರೆಗಳು ಒಂದೊಂದೂ ಎಣಿಸಲು ಬರುತ್ತಿದ್ದವು.